ಒಂದು ಏಫಾ ಎಂದರೆ ಎಷ್ಟು ಕೊಡ?

ವಳಕಮದಿನ್ನಿ
14 ಏಪ್ರಿಲ್ 2025

ಜೀವರತ್ನ,

ಹನ್ನೊಂದು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕಿವಿಗೆ ಬಿದ್ದರೆ ಮೊದಲು ಬೈಗುಳ ಬರುತ್ತದೆ, ಕೇಳಬೇಕಾದದ್ದು ಹಿಂದೆ ಉಳಿಯುತ್ತದೆ. ಕಾಗದವಾದರೆ ಬೈದದ್ದನ್ನು ಹೊಡೆದುಹಾಕಬಹುದು. ಮೇಲೆ ಎರಡು ಸಾಲು ಹೊಡೆದುಹಾಕಿದ್ದೇನೆ, ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಬೈಬಲ್ ಕ್ವಿಜ್‌ನ ಪ್ರಶ್ನೆಪುಸ್ತಿಕೆ ಬಂತು. ಕೊನೆಯ ಪುಟದಲ್ಲಿ ಈ ವರ್ಷವೂ ‘ಪ್ರಶ್ನೆಗಳನ್ನು ರಚಿಸಿದವರು: ಶ್ರೀಮತಿ ಜೀವರತ್ನ, ಹೈಸ್ಕೂಲ್ ಶಿಕ್ಷಕಿ, ಲಿಂಗಸುಗೂರು’ ಎಂದಿತ್ತು. ಮಸ್ಕಿಯ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಬೆಂಚಿನಲ್ಲಿ ಕೂತು ಇದೇ ಸ್ಪರ್ಧೆ ಗೆದ್ದವರು ನಾವಿಬ್ಬರು. ಈಗ ನೀನು ಪ್ರಶ್ನೆ ಮಾಡುವವಳು. ನಾನು ಸಾಲಿಯಲ್ಲಿ ಬಿಸಿಯೂಟ ಬೇಯಿಸಿ, ಭಾನುವಾರ ಕೇರಿಯ ಹುಡುಗರಿಗೆ ನಿನ್ನ ಉತ್ತರಗಳನ್ನು ಬಾಯಿಪಾಠ ಮಾಡಿಸುವವಳು.

ರಜೆ ಬಿದ್ದು ನಾಲ್ಕು ದಿನವಾಗಿಲ್ಲ, ಹದಿಮೂರು ಮಂದಿಯ ಗುಂಪು ನಾಲ್ಕಕ್ಕೆ ಇಳಿದಿದೆ. ಇಬ್ಬರು ಅಜ್ಜಿಯ ಊರು ಪಾಮನಕಲ್ಲೂರಿಗೆ ಹೋದರು, ಮೂವರು ಕೂಲಿಗೆ, ಉಳಿದವರು ಮೊಬೈಲಿಗೆ. ಪ್ರತಿ ಬೇಸಿಗೆ ಇದೇ ಹಾಡು. ಆದರೆ ಈ ಸಲ ಕುತ್ತು ದೊಡ್ಡದು. ನಮ್ಮ ಚರ್ಚಿನ ಹಿಂದೆ ಒಂದು ಖೋಲಿ ಇದೆ. ಒಂದು ಟ್ಯೂಬ್‌ಲೈಟು, ಒಂದು ಫ್ಯಾನು, ಎರಡು ಜಮಖಾನೆ. ಕೇರಿಯ ಮನೆಗಳೆಲ್ಲ ಒಂದಂಕಣದವು, ಒಲೆಯೂ ಅಲ್ಲೇ, ಟಿವಿಯೂ ಅಲ್ಲೇ, ಕುಡಿದು ಬಂದ ಅಪ್ಪನೂ ಅಲ್ಲೇ. ಹುಡುಗರು ವರ್ಷವಿಡೀ ಪುಸ್ತಕ ತೆರೆಯುವುದು ಆ ಖೋಲಿಯಲ್ಲಿ. ಅದರ ಮೇಲೆ ಚರ್ಚಿನ ಸಭೆಯ ಹಿರಿಯ ಸಮುವೇಲಪ್ಪನ ಕಣ್ಣು ಬಿದ್ದಿದೆ. ನಿನ್ನೆ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಹೇಳಿದ: “ಮೇ ಇಪ್ಪತ್ತೈದಕ್ಕ ಲಿಂಗಸುಗೂರಿನ ಸ್ಟೇಜಿನ ಮ್ಯಾಲ ನಿನ್ನ ಹುಡುಗ್ರು ನಾಕು ಮಂದಿ ಕುಂತ್ರ ಖೋಲಿ ಅವರ್ದು. ಇಲ್ಲಾಂದ್ರ ಸೌಂಡ್ ಬಾಕ್ಸ್ ಇಡಾಕ ನಮಗ ಬೇಕು.” ತಂಡ ಎಂದರೆ ನಾಲ್ವರು ಎಂಬುದು ನಿಮ್ಮದೇ ನಿಯಮ. ಒಬ್ಬರು ಜಾರಿದರೂ ಖೋಲಿ ಹೋಯಿತು.

ಈಗ ಕೇಳಬೇಕಾದದ್ದು. ನಿನ್ನ ನಲವತ್ತೊಂದನೆಯ ಪ್ರಶ್ನೆ: ಪರದೇಶದ ವಿಧವೆ ರೂತಳು ಬೋವಜನ ಹೊಲದಲ್ಲಿ ಕೊಯ್ಯುವವರ ಹಿಂದೆ ಬಿದ್ದ ತೆನೆಗಳನ್ನು ಒಂದು ದಿನ ಹಕ್ಕಲಾಯ್ದು ಬಡಿದಾಗ ದೊರೆತ ಜವೆಗೋದಿ ಎಷ್ಟು? ಉತ್ತರ: ಸುಮಾರು ಒಂದು ಏಫಾ. ಅಮರೇಶ್ವರಿ ಎಂದು ಒಬ್ಬಳಿದ್ದಾಳೆ, ಹದಿನೈದು ವರ್ಷ, ಮೂಗಿನ ತುದಿಯಲ್ಲೇ ಪ್ರಶ್ನೆ. “ಏಫಾ ಅಂದ್ರ ಎಷ್ಟು ಸೇರು ಅಕ್ಕ?” ಎಂದಳು. ಇಪ್ಪತ್ತು ವರ್ಷದಿಂದ ಈ ಉತ್ತರ ಹೇಳಿಕೊಡುತ್ತಿದ್ದೇನೆ. ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನಾಚಿಕೆಯಾಯಿತು.

ನಿನಗೆ ಗೊತ್ತೇ?

ಇನ್ನೂ ಸಿಟ್ಟಿನಲ್ಲಿರುವ
ಸುವಾರ್ತಮ್ಮ

*

ಲಿಂಗಸುಗೂರು
19 ಏಪ್ರಿಲ್ 2025

ಪ್ರಿಯ ಸುವಾರ್ತಾ,

ಕರ್ತನು ನಿನ್ನನ್ನೂ ನಿನ್ನ ಮಕ್ಕಳನ್ನೂ ಕ್ಷೇಮವಾಗಿ ಇಟ್ಟಿರಲಿ. ನಿನ್ನ ಪತ್ರ ತಲುಪಿತು. ಶಿಲುಬೆಯ ಶುಕ್ರವಾರದ ಏಳು ಪ್ರಸಂಗ ಮುಗಿಸಿ ಬಂದು ಓದಿದೆ.

ಏಫಾ ಒಂದು ಪುರಾತನ ಅಳತೆ. ನನ್ನ ಬಳಿಯಿರುವ ನಿಘಂಟಿನ ಪ್ರಕಾರ ಸುಮಾರು ಇಪ್ಪತ್ತೆರಡು ಲೀಟರು. ಸ್ಪರ್ಧೆಗೆ ಅಷ್ಟೂ ಬೇಡ. ‘ಒಂದು ಏಫಾ’ ಎಂದರೆ ಅಂಕ ಸಿಗುತ್ತದೆ.

ರಜೆಯಲ್ಲಿ ಮಕ್ಕಳು ಚದುರುವುದು ಎಲ್ಲ ಸಭೆಗಳ ಕಷ್ಟ. ಕ್ವಿಜ್ ಸಮಿತಿಯಿಂದ ಕೆಲವು ಸಲಹೆ ಕಳಿಸಿದ್ದೇವೆ: ಗೋಡೆಗೆ ಹಾಜರಿ ಪಟ್ಟಿ ಹಚ್ಚಿ ಬಂದವರ ಹೆಸರಿನ ಮುಂದೆ ಬಣ್ಣದ ನಕ್ಷತ್ರ, ವಾರಕ್ಕೊಮ್ಮೆ ಬಿಸ್ಕೀಟು, ವಾಟ್ಸಾಪಿನಲ್ಲಿ ದಿನಕ್ಕೊಂದು ವಚನ. ಗುರುಗುಂಟಾದ ಸಭೆಯಲ್ಲಿ ಇದರಿಂದ ಒಳ್ಳೆಯ ಫಲ ಬಂದಿದೆ. ಮಕ್ಕಳ ಮನಸ್ಸನ್ನು ಉತ್ತರದ ಕಡೆ ತಿರುಗಿಸು. ಪ್ರಶ್ನೆಯ ಬೆನ್ನು ಹತ್ತಿದರೆ ಪಠ್ಯ ಮುಗಿಯುವುದಿಲ್ಲ.

ಹೊಡೆದುಹಾಕಿದ ಸಾಲುಗಳನ್ನು ಓದಿಲ್ಲ. ಇನ್ನೂ ಅದೇ ವಿಷಯವೇ?

ಕರ್ತನಲ್ಲಿ ನಿನ್ನ
ಜೀವರತ್ನ

*

ವಳಕಮದಿನ್ನಿ
27 ಏಪ್ರಿಲ್ 2025

ಜೀವರತ್ನ,

ಅದೇ ವಿಷಯ. ಮತ್ಯಾವುದು? ಮಸ್ಕಿಯ ಆ ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಗ್ಲಾಸು ಇಟ್ಟಿದ್ದರು. ನಾವು ಸಂಘದ ಆರು ಮಂದಿ ಒಳಗೆ ಹೋಗಿ, ಎಲ್ಲರೂ ಕುಡಿಯುವ ಗ್ಲಾಸಿನಲ್ಲೇ ಚಹಾ ಕೊಡಿ ಎಂದು ಕೂತೆವು. ತಳ್ಳಿ ಹೊರಗೆ ಹಾಕಿದರು. ನೀನು ಎದುರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ನನ್ನ ಕಣ್ಣೂ ನಿನ್ನ ಕಣ್ಣೂ ಕೂಡಿದವು. ಆಮೇಲೆ ಸಾಕ್ಷಿಗೆ ಕರೆದಾಗ ‘ನಾನು ಏನೂ ನೋಡಲಿಲ್ಲ’ ಎಂದೆ. ಕೇಸು ಬಿದ್ದುಹೋಯಿತು. ಬರೆದೆ, ಮುಗಿಯಿತು. ಈ ಸಲ ಹೊಡೆದುಹಾಕುವುದಿಲ್ಲ.

ನಿನ್ನ ನಕ್ಷತ್ರಗಳ ಕಥೆ ಕೇಳು. ಹಾಜರಿ ಪಟ್ಟಿ ಹಚ್ಚಿದೆ. ಉಳಿದ ನಾಲ್ವರಲ್ಲೊಬ್ಬ ವಿರೇಶ ಅದನ್ನು ನೋಡಿ, “ನಕ್ಷತ್ರ ಅಂಟಿಸಾಕ ನಾವೇನು ಅಂಗನವಾಡಿ ಕೂಸುಗಳೇನಕ್ಕ? ನನಗ ಮೀಸಿ ಬರಾಕತ್ಯಾವ” ಎಂದ. ಬಂದಿರುವುದು ಐದು ಕೂದಲು. ಮರುದಿನ ನೋಡಿದರೆ ಸಮುವೇಲಪ್ಪನ ಎಮ್ಮೆಯ ಹಣೆಗೆ ಒಂದು ಕೆಂಪು ನಕ್ಷತ್ರ. “ಅದು ದಿನಾ ಬರತೈತಿ ಅಕ್ಕ, ಒಂದು ದಿನಾನೂ ತಪ್ಸಿಲ್ಲ” ಎಂದ. ಬಿಸ್ಕೀಟು ತಿಂದರು, ವಚನ ಮರೆತರು.

ಆದರೆ ನಿನ್ನ ಇಪ್ಪತ್ತೆರಡು ಲೀಟರು ಕೆಲಸ ಮಾಡಿತು. ಅಮರೇಶ್ವರಿ ಪ್ಲಾಸ್ಟಿಕ್ ಕೊಡ ತಂದಳು, ಲೀಟರಿನ ನೀರಿನ ಬಾಟಲಿ ತಂದಳು. ಉಳಿದ ಮೂವರನ್ನು ನಳದ ಹತ್ತಿರ ಕೂರಿಸಿ ಒಂದೊಂದೇ ಬಾಟಲಿ ಎಣಿಸಿ ಸುರಿದಳು. ಹದಿನೈದಕ್ಕೆ ಕೊಡ ತುಂಬಿತು. ಎರಡನೆಯ ಕೊಡ ಅರ್ಧಕ್ಕೆ ಬಂತು. “ಒಂದೂವರೆ ಕೊಡ!” ಎಂದು ಕೂಗಿದಳು. ಬಾಗಿಲಲ್ಲಿ ಕೂತಿದ್ದ ಅವಳ ಅಜ್ಜಿ ತಿಮ್ಮವ್ವ, “ಏನಬೇ ಅದು ಒಂದೂವರೆ ಕೊಡ?” ಎಂದು ಕೇಳಿದಳು. ಹೇಳಿದೆವು. ಮುದುಕಿ ನಕ್ಕಳು ನೋಡು, ಎಲೆಯಡಿಕೆ ಹೊರಗೆ ಬಂತು.

“ಒಬ್ಬ ಹೆಂಗಸು ಒಂದು ದಿನಕ್ಕ ಒಂದೂವರೆ ಕೊಡ ಹಕ್ಕಲಾ? ನಾ ನಲವತ್ತು ವರ್ಷ ಆರಿಸೀನಿ. ಸೊಂಟ ಮುರಕೊಂಡ್ರ ಮೂರು ಸೇರು, ಭಾಳ ಅಂದ್ರ ನಾಕು. ಇದನ್ನ ಬರದಾತ ಹೊಲದಾಗ ಕಾಲಿಟ್ಟಿದ್ದನೋ ಇಲ್ಲೋ ಕೇಳ್ರಿ.”

ಹುಡುಗರು ನನ್ನ ಮುಖ ನೋಡಿದರು. ದೇವರ ವಾಕ್ಯ ಸರಿಯೋ, ತಿಮ್ಮವ್ವನ ಸೊಂಟ ಸರಿಯೋ? ನನಗೆ ಎರಡರ ಮೇಲೂ ನಂಬಿಕೆ. ಅಮರೇಶ್ವರಿ ಅಂದಳು: “ಆರಿಸಿ ನೋಡೋಣು ಅಕ್ಕ. ಭತ್ತದ ಕೊಯ್ಲು ನಡದೈತಿ.”

ಆ ಮಾತು ಕೇರಿಯಲ್ಲಿ ಹರಡಿತು. ನಕ್ಷತ್ರಕ್ಕೆ ಬಾರದವರು, ಬಿಸ್ಕೀಟಿಗೆ ಬಾರದವರು ನಿನ್ನೆ ಖೋಲಿಗೆ ಬಂದು ರೂತಳ ನಾಲ್ಕು ಅಧ್ಯಾಯ ಕೂತ ಮೆಟ್ಟಿಗೆ ಓದಿದರು. ಒಂಬತ್ತು ಮಂದಿ! ತಪ್ಪು ಹಿಡಿಯಲಿಕ್ಕೆ ಓದಿದರೋ, ಸತ್ಯ ಹಿಡಿಯಲಿಕ್ಕೋ, ನನಗೆ ಗೊತ್ತಿಲ್ಲ. ಓದಿದರು.

ಮುಂದಿನ ವಾರ ಹೊಲಕ್ಕೆ ಹೋಗುತ್ತೇವೆ.

ಸುವಾರ್ತಮ್ಮ

*

ಲಿಂಗಸುಗೂರು
2 ಮೇ 2025

ಸುವಾರ್ತಾ,

ಬೇಡ. ದಯವಿಟ್ಟು ಬೇಡ. ಚರ್ಚಿನ ಹುಡುಗರು ಧಣಿಗಳ ಹೊಲಕ್ಕೆ ನುಗ್ಗಿದರು ಎಂದು ಒಂದು ಮಾತು ಹುಟ್ಟಿದರೆ ಸಾಕು, ನಿನ್ನ ಖೋಲಿಯಷ್ಟೇ ಅಲ್ಲ, ಚರ್ಚಿಗೇ ಬೀಗ ಬೀಳುವ ಕಾಲ ಇದು. ನಿನಗೆ ಹೇಳಬೇಕೇ?

ಮಕ್ಕಳಿಗೆ ಎರಡನೆಯ ಅಧ್ಯಾಯದ ಹದಿನಾರನೆಯ ವಚನ ತೋರಿಸು. ಸಿವುಡುಗಳಿಂದ ತೆನೆ ಹಿರಿದು ಅವಳಿಗಾಗಿ ಬೀಳಿಸಿರಿ ಎಂದು ಬೋವಜ ಆಳುಗಳಿಗೆ ಅಪ್ಪಣೆ ಮಾಡುತ್ತಾನೆ. ಅದಕ್ಕೇ ಅಷ್ಟು ಸಿಕ್ಕಿತು. ಪ್ರಶ್ನೆ ಮುಗಿಯಿತು. ಹೊಲಕ್ಕೆ ಹೋಗುವ ಅಗತ್ಯವೇ ಇಲ್ಲ.

ನಿನ್ನ ಪತ್ರ ಬಂದ ದಿನ ಪಕ್ಕದ ಮನೆಯ ಜುಬೇದಾಬೀಯನ್ನು ಸುಮ್ಮನೆ ಕೇಳಿದೆ. ಆಕೆ ಎಳೆಯ ವಯಸ್ಸಿನಲ್ಲಿ ಶೇಂಗಾ ಹಕ್ಕಲು ಆರಿಸುತ್ತಿದ್ದಳಂತೆ. “ಪೂರಾ ದಿನ ಕೆದರಿದ್ರ ಸೆರಗಿನ ತುಂಬ, ಅಷ್ಟಾ” ಎಂದಳು. ಈ ಪುಸ್ತಿಕೆಗೆ ಹದಿನೈದು ವರ್ಷದಿಂದ ಪ್ರಶ್ನೆ ಮಾಡುತ್ತಿದ್ದೇನೆ. ಯಾರು, ಎಷ್ಟು, ಎಲ್ಲಿ. ಒಂದು ದಿನವೂ ಜುಬೇದಾಬೀಯನ್ನು ಕೇಳಿರಲಿಲ್ಲ.

ಹೋಗಬೇಡ. ಹೋದರೆ, ಸಿಕ್ಕಿದ್ದೆಷ್ಟು ಎಂದು ಬರೆ.

ಜೀವರತ್ನ

*

ವಳಕಮದಿನ್ನಿ
9 ಮೇ 2025

ಜೀವರತ್ನ,

ಹೋದೆವು. ಕೆಟ್ಟಿತು. ಕ್ರಮವಾಗಿ ಬರೆಯುತ್ತೇನೆ.

ಕಾಲುವೆಯಾಚೆ ಜಂಬಣ್ಣನ ಹೊಲ, ಎಂಟು ಎಕರೆ. ಎರಡು ದಿನದ ಹಿಂದೆ ಮಿಷಿನ್ ಕೊಯ್ದು ಹೋಗಿತ್ತು. ಬೆಳಿಗ್ಗೆ ಆರಕ್ಕೆ ಒಂಬತ್ತು ಮಂದಿ ಸಾಲು ಹಿಡಿದೆವು. ನಮಗಿಂತ ಮೊದಲೇ ಅಲ್ಲಿ ಐದುನೂರು ಬಾತುಕೋಳಿ ಇದ್ದವು. ಆಂಧ್ರದ ಮುದುಕನೊಬ್ಬ ಬಿದಿರುಕೋಲು ಹಿಡಿದು ಮೇಯಿಸುತ್ತಿದ್ದ. ಬಾತುಗಳ ಕೊಕ್ಕಿನ ಮುಂದೆ ನಮ್ಮ ಬೆರಳೇನು? ಮೂರು ತಾಸಿನಲ್ಲಿ ಒಂಬತ್ತು ಮಂದಿಗೆ ಸೇರಿ ಎರಡು ಸೇರು. ಅಷ್ಟರಲ್ಲಿ ಬೈಕಿನ ಸದ್ದು. ಜಂಬಣ್ಣ.

“ಯಾರವಲೇ ಇವು?”

“ಕೇರ್ಯಾನ ಹುಡುಗರ್ರೀ ಧಣಿ,” ಎಂದ ವಿರೇಶ. “ಹಕ್ಕಲ ಆರಸಾಕತ್ತೀವ್ರಿ. ಪರೀಕ್ಷಾಕ.”

“ಭತ್ತ ಆರಿಸೋ ಪರೀಕ್ಷಾ ಯಾವ ಸಾಲ್ಯಾಗ ಇಟ್ಟಾರಲೇ?” ನನ್ನ ಕಡೆ ತಿರುಗಿದ. “ಏನಬೇ ಸುವಾರ್ತವ್ವ, ಸಂಘ ಸಾಕಾತೇನು? ಈಗ ಹುಡುಗ್ರನ್ನ ಹೊಲಕ್ಕ ಬಿಟ್ಟೀಯೇನು? ಈ ಹೊಲ ಬಾತಿನವಗ ಗುತ್ತಿಗಿ ಕೊಟ್ಟೀನಿ. ನೀವು ಆರಿಸಿದ್ರ ಅವನ ಬಾತು ಏನು ತಿನ್ನಬೇಕು?”

ಬಾತಿನ ಮುದುಕ ತೆಲುಗಿನಲ್ಲಿ “ಪೋನೀಲೇ ದೊರ, ಪಿಲ್ಲಲು” ಎಂದ. ಹೋಗಲಿ ಬಿಡು ದೊರೆ, ಮಕ್ಕಳು ಎಂದು. ನನ್ನ ಬಾಯಿ ಕೆಂಡವಾಗಿತ್ತು. ಒಂದು ಕಾಲದಲ್ಲಿ ಹಕ್ಕಲು ಎಂಬುದು ನಮ್ಮ ಹೆಂಗಸರದ್ದು, ಯಾರೂ ಕೇಳುತ್ತಿರಲಿಲ್ಲ. ಈಗ ಅದಕ್ಕೂ ಗುತ್ತಿಗೆ. ಬಾತುಕೋಳಿಗೆ ಇರುವ ಹಕ್ಕು ಮನುಷ್ಯರ ಮಕ್ಕಳಿಗಿಲ್ಲ! ಅದನ್ನೇ ಹೇಳಲು ಬಾಯಿ ತೆರೆದೆ. ಅಮರೇಶ್ವರಿ ಮುಂದೆ ಬಂದಳು. ಸಿಟ್ಟಿಲ್ಲ, ಅಂಜಿಕೆಯಿಲ್ಲ. ನಿಜವಾಗಿ ತಿಳಿಯಬೇಕು ಎಂಬ ಮುಖ.

“ಧಣಿ, ನೀವು ಹೊಲದ ಅಂಚು ಬಿಡಂಗಿಲ್ರಿ?”

“ಯಾವ ಅಂಚು?”

“ಅಂಚಿನ ಪೈರು ಕೊಯ್ಯಬ್ಯಾಡ್ರಿ, ಬಡವ್ರಿಗೆ ಪರದೇಶಿಗೆ ಬಿಡ್ರಿ ಅಂತ ನಮ್ಮ ಬೈಬಲ್ನ್ಯಾಗ ಕಾನೂನು ಐತ್ರಿ. ನಿಮ್ಮ ಕಡೆ ಹಂಗೇನರ ಐತೇನ್ರಿ?”

ಜಂಬಣ್ಣ ಬೈಕು ಬಂದ್ ಮಾಡಿದ. “ನಮ್ಮ ಮುತ್ತ್ಯಾ ಹಕ್ಕಿ ಪಾಲು ಅಂತ ಒಂದು ಮೂಲಿ ಬಿಡತಿದ್ದ,” ಎಂದ. ಆಮೇಲೆ ತನ್ನ ಬಾಯಿಂದ ಆ ಮಾತು ಬಂದದ್ದಕ್ಕೇ ಸಿಟ್ಟು ಬಂದವನಂತೆ, “ಅದನ್ನೆಲ್ಲಾ ಮಿಷಿನ್ನಿಗೆ ಹೇಳು ಹೋಗು! ನಡೀರಿ ಎಲ್ಲಾರೂ!” ಎಂದು ಗದರಿದ. ಎರಡು ಸೇರು ಭತ್ತವನ್ನು ಬಾತಿನ ಮುಂದೆ ಸುರಿಸಿ ಕಳಿಸಿದ.

ಅಂದು ಸಂಜೆಗೇ ಸುದ್ದಿ ಸಮುವೇಲಪ್ಪನಿಗೆ ಮುಟ್ಟಿತು. ಅವನು ಜಂಬಣ್ಣನಿಗೆ ಸಿಟ್ಟಾಗಲಿಲ್ಲ, ನನಗೆ ಸಿಟ್ಟಾದ. ಖೋಲಿಗೆ ಆಗಲೇ ಬೀಗ ಹಾಕಿದ. ಇಪ್ಪತ್ತೈದರ ಮಾತು ಏನಾಯಿತು ಎಂದರೆ, “ನಾಕು ಮಂದಿ ಕುಂತ್ರ ಆವತ್ತ ಕೀಲಿ ಕೊಡ್ತೀನಿ, ಅಲ್ಲೀತನ ಇಲ್ಲ” ಎಂದ. ನಾಲ್ವರಲ್ಲಿ ಸುಗುಣ, ಸರೋಜ ಎಂಬ ಅಕ್ಕತಂಗಿ ಇದ್ದಾರೆ. ಅವರಪ್ಪ ಜಂಬಣ್ಣನ ಟ್ರ್ಯಾಕ್ಟರ್ ಓಡಿಸುವವನು. ಇಬ್ಬರನ್ನೂ ಬಿಡಿಸಿಕೊಂಡು ಹೋದ. ಹೊಸದಾಗಿ ಬಂದವರೂ ಅಂಜಿ ಮನೆ ಸೇರಿದರು. ಈಗ ನನ್ನ ಬಳಿ ಇರುವುದು ಇಬ್ಬರು.

ಇದು ನನ್ನದೇ ತಪ್ಪು. ಮಕ್ಕಳ ಕುತೂಹಲ ಕಂಡು ನಾನೇ ಕುಣಿದೆ. ದಂಡ ಅವರು ಕಟ್ಟುತ್ತಿದ್ದಾರೆ. ಬೇಕಾದರೆ ನಗು.

ಸುವಾರ್ತಮ್ಮ

*

ಲಿಂಗಸುಗೂರು
15 ಮೇ 2025

ಸುವಾರ್ತಾ,

ನಗು ಬರಲಿಲ್ಲ.

ಸಮುವೇಲಪ್ಪನವರು ಸಮಿತಿಗೂ ಫೋನ್ ಮಾಡಿದ್ದರು. ನಿನ್ನ ಸಭೆಯನ್ನು ಸ್ಪರ್ಧೆಯಿಂದ ಕೈಬಿಡಬೇಕು ಎಂದು ಒಬ್ಬರು ಸೂಚಿಸಿದರು. ನನ್ನನ್ನು ಕೂರಿಸಿ ಕೇಳಿದರು: ಹುಡುಗರು ಹೊಲಕ್ಕೆ ಹೋಗುವ ವಿಷಯ ನಿಮಗೆ ಗೊತ್ತಿತ್ತೇ?

ಐದು ಮಂದಿ ಗಂಡಸರು, ಮೇಜಿನ ಮೇಲೆ ನೀರಿನ ಲೋಟ, ಗಡಿಯಾರದ ಸದ್ದು. ಇಂಥದೇ ಕೋಣೆಯಲ್ಲಿ ಹಿಂದೊಮ್ಮೆ ಕೂತಿದ್ದೆ.

ಗೊತ್ತಿತ್ತು ಎಂದೆ. ಬೇಡ ಎಂದು ಬರೆದವಳೂ ನಾನು, ಸಿಕ್ಕಿದ್ದೆಷ್ಟು ಎಂದು ಕೇಳಿದವಳೂ ನಾನು ಎಂದೆ. ಕೈಬಿಡುವುದಾದರೆ ಮೊದಲು ನನ್ನನ್ನು ಎಂದೆ. ಸದ್ಯಕ್ಕೆ ಯಾರನ್ನೂ ಬಿಟ್ಟಿಲ್ಲ. ಸ್ಪರ್ಧೆ ಮುಗಿದ ಮೇಲೆ ನೋಡೋಣ ಎಂದಿದ್ದಾರೆ.

ನಾಲ್ವರ ನಿಯಮವನ್ನು ನಾನು ಸಡಿಲಿಸಲಾರೆ. ಮೂವರೊಂದಿಗೆ ಬಂದರೆ ವೇದಿಕೆಯ ಮೇಲೆ ಕೂರಿಸಲಾರೆ. ಇದನ್ನು ಕೇಳಿ ನೀನು ಬೈಯುತ್ತೀ. ಬೈ.

ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. ಹದಿನಾರನೆಯ ವಚನ ತೋರಿಸಿದೆಯಾ? ಆ ಹುಡುಗಿ ಏನೆಂದಳು?

ಜೀವರತ್ನ

*

ವಳಕಮದಿನ್ನಿ
21 ಮೇ 2025

ಜೀವರತ್ನ,

ಮಸ್ಕಿಯ ಮಾತು ನಿನ್ನ ಈ ಒಂದು ಮಾತಿನಿಂದ ತೊಳೆದುಹೋಗುವುದಿಲ್ಲ. ಆದರೂ ಆ ಸಾಲುಗಳನ್ನು ಮೂರು ಸಲ ಓದಿದೆ.

ಹದಿನಾರನೆಯ ವಚನ ತೋರಿಸಿದೆ. ಖೋಲಿಗೆ ಬೀಗ, ಆದ್ದರಿಂದ ಬೇವಿನ ಕಟ್ಟೆಯ ಮೇಲೆ. ಅಮರೇಶ್ವರಿ ಓದಿ ಕೇಳಿದಳು: “ಬೀಳಿಸಿದವ್ರು ಯಾರು ಅಕ್ಕ?”

“ಬೋವಜ.”

“ಅಂವ ಹೇಳಿದಂವ. ಬೀಳಿಸಿದವ್ರು?”

“ಆಳುಗಳು.”

“ಅವ್ರ ಹೆಸರು?”

ಇಲ್ಲ. ಹುಡುಕಿದೆ, ಒಂದೂ ಇಲ್ಲ. ಬೋವಜನ ವಂಶಾವಳಿ ಹತ್ತು ತಲೆಮಾರಿನದಿದೆ. ಬಗ್ಗಿ ಕೊಯ್ದವರು, ಹಿಡಿಯಿಂದ ತೆನೆ ಜಾರಿಸಿದವರು, ಒಬ್ಬರ ಹೆಸರೂ ಇಲ್ಲ. ನಾನು ಮೂವತ್ತು ವರ್ಷದಿಂದ ಚಳವಳಿಯಲ್ಲಿದ್ದೇನೆ. ಕೂಲಿಯವರ ಹೆಸರಿನಲ್ಲಿ ಎಷ್ಟು ಭಾಷಣ ಮಾಡಿದ್ದೇನೋ! ಈ ಪುಸ್ತಕವನ್ನು ಓದುವಾಗ ಮಾತ್ರ ನನ್ನ ಕಣ್ಣು ಸದಾ ಧಣಿಯ ಮೇಲೇ ಇತ್ತು. ಎಂಥ ದಯಾಳು ಧಣಿ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಜಂಬಣ್ಣನ ಇನ್ನೊಂದು ಹೊಲದ ಮೂಲೆ ತಗ್ಗಿನಲ್ಲಿದೆ. ನೀರು ನಿಂತು ಪೈರು ನೆಲಕ್ಕೆ ಬಿದ್ದಿದೆ, ಮಿಷಿನ್ ಇಳಿಯುವುದಿಲ್ಲ. ಅಂಥ ಜಾಗಕ್ಕೆ ಇವತ್ತಿಗೂ ಕುಡುಗೋಲು ಬೇಕು, ಕುಡುಗೋಲಿಗೆ ನಮ್ಮ ಹೆಂಗಸರು ಬೇಕು. ಮೊನ್ನೆ ಏಳು ಮಂದಿ ಹೋಗಿದ್ದರು. ಅಮರೇಶ್ವರಿಯ ತಾಯಿ ಇದ್ದಳು, ಸುಗುಣ ಸರೋಜರ ತಾಯಿ ಇದ್ದಳು. ತಿಮ್ಮವ್ವ ತಾನೂ ಹೊರಟಳು. “ಮೊಮ್ಮಗಳ ಲೆಕ್ಕ ಒಂದು ಉಳದೈತಿ” ಎಂದಳು.

ಹೆಂಗಸರು ಮುಂದೆ ಕೊಯ್ದರು, ಅಮರೇಶ್ವರಿ ಒಬ್ಬಳೇ ಹಿಂದೆ ಆರಿಸಿದಳು. ಒಬ್ಬಳೇ ಆಗಬೇಕು, ರೂತಳೂ ಒಬ್ಬಳೇ ಎಂದು ಅವಳದೇ ಹಟ. ನಾನು ಬದುವಿನ ಮೇಲೆ ನಿಂತು ನೋಡಿದೆ. ತಿಮ್ಮವ್ವನ ಹಿಡಿಯಿಂದ ನಾಲ್ಕು ಹೆಜ್ಜೆಗೊಮ್ಮೆ ತೆನೆ ಜಾರುತ್ತಿತ್ತು. ಜಂಬಣ್ಣನ ಮಗ ಬಂದು, “ಏನಬೇ ಮುದುಕಿ, ಅರ್ಧ ನೆಲಕ್ಕ ಬೀಳಾಕತ್ತೈತಿ” ಎಂದ.

“ಮುಪ್ಪಿನ ಕೈ ಅಪ್ಪಾ, ಹಿಡಿತ ಇಲ್ಲ.”

“ಉಳಿದವ್ರಿಗೆ ಏನಾಗೇತಿ? ಅವ್ರೇನು ಮುದುಕ್ಯಾರೇನು?”

ಸುಗುಣಳ ತಾಯಿ ಸೊಂಟ ನೆಟ್ಟಗೆ ಮಾಡಿ, “ಮುಪ್ಪು ಹತ್ತಿಕೊಂತೈತ್ರಿ, ಜಡ್ಡಿದ್ದಂಗ” ಎಂದಳು. ಏಳು ಹೆಂಗಸರೂ ನಕ್ಕರು. ಹುಡುಗ ಮೊಬೈಲು ನೋಡುತ್ತ ಹೋದ.

ಸಂಜೆ ಬಡಿದು, ತೂರಿ, ಅಳೆದೆವು. ಒಂದು ಕೊಡ, ಮತ್ತೆ ನಾಲ್ಕು ಬಾಟಲಿ. ಏಫಾಕ್ಕೆ ಮೂರು ಬಾಟಲಿ ಕಡಿಮೆ. “ಸುಮಾರು ಅಂತ ಬರದೈತಲ್ಲಕ್ಕ” ಎಂದಳು ಅಮರೇಶ್ವರಿ. ಅಂಗೈಯೆಲ್ಲ ಗೀರು, ಮುಖದ ತುಂಬ ಹೊಟ್ಟು. ಆಮೇಲೆ ಮೆಲ್ಲಗೆ, “ಬೈಬಲ್ ಸುಳ್ಳಲ್ಲ, ಅಜ್ಜೀನೂ ಸುಳ್ಳಲ್ಲ. ಆಳುಗಳು ಮನಸು ಮಾಡ್ಯಾರ, ಅದಕ್ಕ ಏಫಾ ಆಗೈತಿ. ಹೌದಿಲ್ಲೋ?” ಎಂದಳು.

ಇದನ್ನು ಕಳವು ಎನ್ನುತ್ತೀಯಾ? ಅನ್ನು. ಈ ಕಾಗದ ಸಮಿತಿಗೆ ತೋರಿಸಿದರೂ ಸರಿ.

ಅಂದು ಮನೆಗೆ ಹೋಗಿ ಸುಗುಣಳ ತಾಯಿ ಗಂಡನಿಗೆ ಹೇಳಿದ್ದು ಇಡೀ ಕೇರಿಗೆ ಕೇಳಿಸಿತು: “ನೀ ಟ್ರ್ಯಾಕ್ಟರ್ ಹೊಡಿ, ಧಣಿಗೆ ನಮಸ್ಕಾರ ಹೊಡಿ, ನಾ ಬ್ಯಾಡ ಅನ್ನಂಗಿಲ್ಲ. ನನ್ನ ಮಕ್ಕಳು ಲಿಂಗಸುಗೂರಿಗೆ ಹೊಕ್ಕಾವ.” ನಾಲ್ವರಾದರು.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇವೆ. ನನ್ನನ್ನು ಮಾತಾಡಿಸಲೇಬೇಕು ಎಂದೇನಿಲ್ಲ.

ಸುವಾರ್ತಮ್ಮ

*

ವಳಕಮದಿನ್ನಿ
26 ಮೇ 2025

ಪೂಜ್ಯ ಜೀವರತ್ನ ಟೀಚರ್ ಅವರಿಗೆ ಅಮರೇಶ್ವರಿ ಮಾಡುವ ನಮಸ್ಕಾರಗಳು.

ನಾವು ಕ್ಷೇಮವಾಗಿ ಊರು ಮುಟ್ಟಿದೆವು. ವಿರೇಶನಿಗೆ ಬಸ್ಸಿನಲ್ಲಿ ವಾಂತಿ ಆಯಿತು, ಮೀಸೆ ಇದ್ದರೂ. ಅಕ್ಕನಿಗೆ ಹೇಳದೆ ಈ ಪತ್ರ ಬರೆಯುತ್ತಿದ್ದೇನೆ.

ನಿನ್ನೆ ನನ್ನಿಂದ ತಪ್ಪಾಯಿತು. ಕೊನೆಯ ಸುತ್ತಿನಲ್ಲಿ ನೀವು ಗುರುಗುಂಟಾದವರಿಗೆ ‘ರೂತಳಿಗಾಗಿ ತೆನೆಗಳನ್ನು ಬೀಳಿಸಿದವರು ಯಾರು?’ ಎಂದು ಕೇಳಿದಿರಿ. ಅವರು ‘ಬೋವಜ’ ಎಂದರು. ನೀವು ತಪ್ಪು ಎಂದಿರಿ. ತೀರ್ಪುಗಾರ ಅಯ್ಯನವರು ಸರಿ ಎಂದರು. ಎಲ್ಲರೂ ಗದ್ದಲ ಮಾಡಿದರು. ನನ್ನ ಸರದಿ ಅಲ್ಲ ಎಂದು ಗೊತ್ತಿತ್ತು. ಆದರೂ ಎದ್ದು ನಿಂತು “ಆಳುಗಳು! ನಾವು ಆರಿಸಿ ನೋಡೀವಿ!” ಎಂದು ಕೂಗಿಬಿಟ್ಟೆ. ಸರದಿ ಇಲ್ಲದೆ ಉತ್ತರಿಸಿದ್ದಕ್ಕೆ ನಮ್ಮ ಹತ್ತು ಅಂಕ ಕಳೆದರು. ಎರಡನೆಯ ಸ್ಥಾನದಲ್ಲಿ ಇದ್ದವರು ನಾಲ್ಕಕ್ಕೆ ಇಳಿದೆವು. ಸುಗುಣ ಬಸ್ಸಿನ ತುಂಬ ಅತ್ತಳು. ನನಗೆ ಅಳು ಬರಲಿಲ್ಲ, ಅದಕ್ಕೆ ಅವಳು ಇನ್ನೂ ಅತ್ತಳು.

ನೀವು ಮೈಕಿನಲ್ಲಿ “ಬೈಬಲ್ ತೆಗೆದು ಓದಿರಿ, ಆಮೇಲೆ ತೀರ್ಪು ಕೊಡಿರಿ” ಎಂದಾಗ ಯಾರೂ ತೆಗೆಯಲಿಲ್ಲ. ಎಲ್ಲರ ಕೈಯಲ್ಲೂ ಇತ್ತು. ಯಾಕೆ ತೆಗೆಯಲಿಲ್ಲ ಟೀಚರ್?

ಇನ್ನೊಂದು. ಆ ಪ್ರಶ್ನೆಯನ್ನು ನಮಗೇ ಕೇಳಿದ್ದರೆ ನಾವು ಸರಿಯಾಗಿ ಹೇಳುತ್ತಿದ್ದೆವು. ನೀವು ಬೇಕೆಂದೇ ಬೇರೆಯವರಿಗೆ ಕೇಳಿದಿರಾ? ನಾನು ಅಕ್ಕನನ್ನು ಕೇಳಿದೆ. “ಗೊತ್ತಿದ್ದವ್ರನ್ನ ಕೇಳಿದ್ರ ಏನು ಬಂತು” ಎಂದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಮಸ್ಕಿ ಬಂದಾಗಲೂ ಈ ಕಡೆ ತಿರುಗಲಿಲ್ಲ.

ಖೋಲಿಯ ಕೀಲಿ ಇನ್ನೂ ಸಿಕ್ಕಿಲ್ಲ. ಗೆಲ್ಲಲಿಲ್ಲವಲ್ಲ ಎನ್ನುತ್ತಿದ್ದಾರೆ ಹಿರಿಯರು.

ತಮ್ಮ ವಿಧೇಯಳಾದ
ಅಮರೇಶ್ವರಿ

*

ವಳಕಮದಿನ್ನಿ
2 ಜೂನ್ 2025

ಜೀವರತ್ನ,

ನಿನ್ನನ್ನು ಸಮಿತಿಯಿಂದ ತೆಗೆದರು ಎಂದು ಸಮುವೇಲಪ್ಪನೇ ಹೇಳಿದ, ಸಕ್ಕರೆ ಹಂಚುವವನ ಹಾಗೆ. ಮುಂದಿನ ವರ್ಷದ ಪುಸ್ತಿಕೆಗೆ ಬೇರೆ ಯಾರೋ ಬರೆಯುತ್ತಾರಂತೆ. ನಿನಗೆ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಒಳ್ಳೆಯದಾಯಿತು ಎಂದು ಹೇಳಲೂ ಬಾಯಿ ಬರಲಿಲ್ಲ, ಅದನ್ನೇ ಇಟ್ಟುಕೋ.

ಸ್ಪರ್ಧೆಯ ದಿನ ಪೆಂಡಾಲಿನಲ್ಲಿ ನೀನು ನನ್ನ ಹತ್ತಿರ ಬಂದು ನೀರಿನ ಬಾಟಲಿ ಕೊಟ್ಟು ಹೋದೆ. ನಾನು ಕುಡಿದೆ.

ಖೋಲಿಯ ವಿಷಯ. ನಿನ್ನೆ ಆರಾಧನೆ ಮುಗಿದು ಕಡೆಯ ಆಶೀರ್ವಾದ ಆಯಿತು. ಜನ ಏಳುವ ಮೊದಲು ತಿಮ್ಮವ್ವ ಎದ್ದು ನಿಂತಳು. ಆ ಮುದುಕಿ ಚರ್ಚಿನಲ್ಲಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

“ಸಮುವೇಲಪ್ಪಾ, ನಾಕು ಮಂದಿ ಕುಂತ್ರೋ ಇಲ್ಲೋ?”

“ಕುಂತ್ರು. ಸೋತ್ರು.”

“ಗೆಲ್ಲಬೇಕಂತ ನೀ ಯಾವಾಗ ಅಂದಿದ್ದಿ?”

“ಅಂದ್ರ ಏನಬೇ, ಸುಮ್ಮ ಕುಂದ್ರಾಕ ಯಾಕ ಕಳಿಸಬೇಕು?”

“ಅದನ್ನ ನೀ ಮೊದಲ ಕೇಳಬೇಕಿತ್ತು. ಈ ಚರ್ಚ್ ಕಟ್ಟುವಾಗ ಕಲ್ಲು ಹೊತ್ತಾಕಿ ನಾ. ಆ ಖೋಲಿ ಗ್ವಾಡಿಗೆ ಮಣ್ಣು ಮೆತ್ತಿದಾಕಿ ನಾ. ನೀ ಆವಾಗ ನಿಮ್ಮವ್ವನ ಬಗಲಾಗ ಇದ್ದಿ. ಕೀಲಿ ತಾ.”

ಜನ ಎದ್ದು ಹೋಗಲಿಲ್ಲ. ಗಂಡಸರೂ ಕೂತರು. ಸುಗುಣಳ ಅಪ್ಪನೂ ಕೂತಿದ್ದ. ಸಮುವೇಲಪ್ಪ ಪಾದ್ರಿಯ ಮುಖ ನೋಡಿದ, ಪಾದ್ರಿ ಪ್ರಸಂಗದ ಹಾಳೆ ಮಡಚುತ್ತಿದ್ದ. ಕೊನೆಗೆ ಜೇಬಿಗೆ ಕೈ ಹಾಕಿದ. ಕೀಲಿ ಕೊಡುವಾಗ, “ಪುಸ್ತಕದಾಗ ಇದ್ದಷ್ಟ ಕಲಸು. ಹೊಲ ಪಲ ಬ್ಯಾಡ” ಎಂದ. ಹೊಲ ಪುಸ್ತಕದಲ್ಲೇ ಇದೆ ಎಂದು ಹೇಳಲಿಲ್ಲ ನಾನು. ಒಂದು ದಿನಕ್ಕೆ ಒಂದು ಜಗಳ ಸಾಕು.

ಅವನು ಆಗಲೇ ಖೋಲಿಯಲ್ಲಿ ತಂದಿಟ್ಟಿದ್ದ ಸೌಂಡ್ ಬಾಕ್ಸುಗಳನ್ನು ಹುಡುಗರು ಹೊತ್ತು ಹೊರಗೆ ಹಾಕಿದರು. ಇವತ್ತು ಸೋಮವಾರ. ಸಾಲಿ ಶುರುವಾಗಿ ಮೂರು ದಿನವಾಯಿತು. ರಜೆ ಮುಗಿದಿದೆ, ಸ್ಪರ್ಧೆ ಮುಗಿದಿದೆ, ಬಹುಮಾನವಿಲ್ಲ, ಬಿಸ್ಕೀಟೂ ಇಲ್ಲ. ಸಂಜೆ ಹದಿನೇಳು ಮಂದಿ ಬಂದು ಜಮಖಾನೆಯ ಮೇಲೆ ಕೂತಿದ್ದಾರೆ. ಯಾರೂ ಕರೆದಿರಲಿಲ್ಲ. ಯಾಕೆ ಬಂದರು ಎಂದು ನನಗೂ ಪೂರ್ತಿ ಗೊತ್ತಿಲ್ಲ. ಬಾಗಿಲ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ, ಒಳಗೆ ಜಗಳ ನಡೆದಿದೆ.

ಅಮರೇಶ್ವರಿ ಎತ್ತಿದ್ದು. ನಾಮಾನನೆಂಬ ಸೇನಾಪತಿಯ ಮನೆಯಲ್ಲಿ ಸೆರೆ ಹಿಡಿದು ತಂದ ಒಬ್ಬ ಚಿಕ್ಕ ಹುಡುಗಿ ಕೆಲಸಕ್ಕಿದ್ದಳಲ್ಲ. ಅವಳ ಮಾತಿನಿಂದ ಧಣಿಯ ಕುಷ್ಠ ವಾಸಿಯಾಯಿತು. ಧಣಿ ಉಡುಗೊರೆ ಹೊರಿಸಿಕೊಂಡು ಹೋದ, ಪ್ರವಾದಿಯನ್ನು ಕಂಡ, ಗುಣವಾಗಿ ತಿರುಗಿ ಬಂದ. ಎಲ್ಲ ಬರೆದಿದೆ. “ಆ ಹುಡುಗಿ ತಮ್ಮ ಮನಿಗೆ ಹೋದಳೋ ಇಲ್ಲೋ? ಬಿಟ್ಟರೋ ಇಲ್ಲೋ?” ಎಂದು ಕೇಳುತ್ತಿದ್ದಾಳೆ. ವಿರೇಶ ಬಿಟ್ಟಿರುತ್ತಾರೆ ಎನ್ನುತ್ತಾನೆ. ಸರೋಜ, “ಯಾವ ಧಣಿ ಬಿಟ್ಟಾನಲೇ?” ಎನ್ನುತ್ತಿದ್ದಾಳೆ.

ನಿನಗೆ ಗೊತ್ತಿದ್ದರೆ ಬರೆಯಬೇಡ. ಬಂದು ಹೇಳು. ಗೊತ್ತಿಲ್ಲದಿದ್ದರೂ ಬಾ.

ಸುವಾರ್ತಮ್ಮ